ಇಲ್ಲದುದರ ವ್ಯಾಪಾರ

ಬೆಲ್ಲಕ್ಕೆ ತಕ್ಕಡಿಯುಂಟು, ಬಟ್ಟೆಗೆ ಗಜವುಂಟು, ಹಾಲಿಗೆ ಪಾವುಂಟು. ಖರ್ಚಾಗದೆ ಉಳಿದ ವಿದ್ಯುತ್ತನ್ನು ಯಾವುದರಿಂದ ಅಳೆಯುವುದು? ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ಪಠ್ಯಪುಸ್ತಕದಿಂದ ಬಂದುದಲ್ಲ. ಸೋದರಮಾವನ ಅಕ್ಕಿ ಗಿರಣಿಯಿಂದ ಬಂದುದು.

ಉಳಿತಾಯವನ್ನೇ ಸರಕಾಗಿ ಮಾಡಿಕೊಂಡ ಕಂಪನಿಗಳು ಈಚಿನವೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಹದಿನೆಂಟನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ಬೌಲ್ಟನ್ ಮತ್ತು ವಾಟ್ ಎಂಬ ಪಾಲುದಾರರು ಕಾರ್ನ್‌ವಾಲಿನ ಗಣಿಗಳಿಗೆ ಉಗಿಯಂತ್ರ ಕೊಟ್ಟಾಗ, ಹಳೆಯ ಯಂತ್ರಕ್ಕಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯ ಮೂರನೆಯ ಒಂದು ಪಾಲನ್ನು ಕೇಳಿದರು. ಯಂತ್ರ ಎಷ್ಟು ಸಲ ಆಡಿತೆಂದು ಎಣಿಸುವ ಗಡಿಯಾರದಂಥ ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ವಿಶ್ವಾಸವೇನೋ ಇತ್ತು, ಬೀಗವೂ ಇತ್ತು! ಆದರೂ ಗಣಿಯ ಒಡೆಯರು ಗೊಣಗಿದರು, ವ್ಯಾಜ್ಯವೂ ನಡೆಯಿತು. 1800ರಲ್ಲಿ ಪೇಟೆಂಟ್ ಮುಗಿಯುವವರೆಗೆ ಆ ಗೊಣಗಾಟ ನಿಲ್ಲಲಿಲ್ಲ.

ನಮ್ಮಲ್ಲಿ 2009ರಲ್ಲಿ ನಾಲ್ಕು ಸರ್ಕಾರಿ ಕಂಪನಿಗಳು ಸೇರಿ ಎನರ್ಜಿ ಎಫಿಷಿಯೆನ್ಸಿ ಸರ್ವೀಸಸ್ ಲಿಮಿಟೆಡ್ ಎಂಬುದನ್ನು ಕಟ್ಟಿದುವು. ಅದು ಎಲ್‌ಇಡಿ ಬಲ್ಬುಗಳನ್ನು ಕೋಟಿಗಟ್ಟಲೆ ಒಟ್ಟಿಗೆ ಕೊಂಡುದರಿಂದ, 2014ರಲ್ಲಿ 310 ರೂಪಾಯಿಯಾಗಿದ್ದ ಖರೀದಿ ಬೆಲೆ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಇದು ಸಗಟು ವ್ಯಾಪಾರದ ಜಾಣ್ಮೆ. ಬಲ್ಬಿನ ವಿಷಯದಲ್ಲಿ ಲೆಕ್ಕವೂ ಸುಲಭ: 60 ವ್ಯಾಟಿನ ಹಳೆಯ ಬುರುಡೆ ತೆಗೆದು 9 ವ್ಯಾಟಿನದು ಹಾಕಿದರೆ ಉಳಿತಾಯ ಕಣ್ಣಿಗೇ ಕಾಣುತ್ತದೆ. ಗಿರಣಿಯ ಮಾತು ಬೇರೆ.

ಮಾವನ ಗಿರಣಿಗೆ 2022ರಲ್ಲಿ ಒಂದು ಕಂಪನಿಯವರು ಬಂದು, ತಮ್ಮ ಹಣದಿಂದಲೇ ಹಳೆಯ ಮೋಟಾರುಗಳನ್ನು ಬದಲಿಸಿದರು. ಐದು ವರ್ಷ, ಬಿಲ್ಲಿನಲ್ಲಿ ಇಳಿದ ಮೊತ್ತದ ಅರ್ಧ ಅವರಿಗೆ. ಮೊದಲ ವರ್ಷ ಎಲ್ಲರೂ ಸಂತುಷ್ಟರು. 2023ರಲ್ಲಿ ಮಳೆ ಕೈಕೊಟ್ಟಿತು. ಭತ್ತವೇ ಬರಲಿಲ್ಲ, ಗಿರಣಿ ವಾರದಲ್ಲಿ ಎರಡು ದಿನ ತಿರುಗಿದರೆ ಹೆಚ್ಚು. ಆಳುಗಳ ಕೂಲಿಗೆಂದು ಅತ್ತೆಯ ಬಳೆ ಬ್ಯಾಂಕು ಸೇರಿದ್ದ ಹೊತ್ತಿಗೆ ಕಂಪನಿಯ ಪತ್ರ ಬಂದಿತು: ಬಿಲ್ಲು ಬಹಳ ಇಳಿದಿದೆ, ಆದ್ದರಿಂದ ನಮ್ಮ ಪಾಲೂ ಬಹಳ.

“ಮಳೆ ಬಾರದ್ದಕ್ಕೂ ನಿಮಗೆ ಪಾಲು ಕೊಡಬೇಕೇನಪ್ಪಾ?” ಎಂದರು ಮಾವ.

“ಕರಾರಿನಲ್ಲಿ ಹಾಗಿದೆ, ಯಜಮಾನರೇ” ಎಂದನು ಬಂದಿದ್ದ ಹುಡುಗ. ಇತ್ತು ಕೂಡ, ಇಂಗ್ಲಿಷಿನಲ್ಲಿ.

ನಾನು ರಜೆಯಲ್ಲಿ ಗಿರಣಿಯ ಖಾತೆ ಪುಸ್ತಕಗಳನ್ನು ಹರಡಿಕೊಂಡು, ಒಂದು ಕ್ವಿಂಟಾಲ್ ಭತ್ತಕ್ಕೆ ಎಷ್ಟು ಯೂನಿಟ್ ಎಂದು ತಿಂಗಳು ತಿಂಗಳಿಗೂ ಲೆಕ್ಕ ಹಾಕಿದೆ. ಮೋಟಾರುಗಳು ನಿಜವಾಗಿಯೂ ಉಳಿಸುತ್ತಿದ್ದುವು. ಅದನ್ನು ಮಾವನೂ ಒಪ್ಪಲೇಬೇಕಾಯಿತು, ಒಲ್ಲದ ಮನಸ್ಸಿನಿಂದ. ಆದರೆ ಕಂಪನಿ ಕೇಳಿದ ಮೊತ್ತದ ಹೆಚ್ಚಿನ ಭಾಗ ಬರಗಾಲದ ಉಳಿತಾಯವೇ ಆಗಿತ್ತು. ನಾಲ್ಕು ತಿಂಗಳ ಹಗ್ಗಜಗ್ಗಾಟದ ಮೇಲೆ ಕ್ವಿಂಟಾಲಿನ ಲೆಕ್ಕಕ್ಕೆ ಅವರೂ ಒಪ್ಪಿದರು. ಬಳೆ ಮುಂದಿನ ಸುಗ್ಗಿಗೆ ಮನೆಗೆ ಬಂದಿತು.

ಒಂದು ವಿಚಿತ್ರವನ್ನು ಹೇಳಬೇಕು. ಗಿರಣಿಯ ಹಿಂದೆಯೇ ಮಾವನ ಗದ್ದೆ. ಅಲ್ಲಿ ಎರಡು ಸಲ ಸುಟ್ಟು, ಮತ್ತೆ ಸುತ್ತಿಸಿದ 5 ಅಶ್ವಶಕ್ತಿಯ ಪಂಪುಸೆಟ್ಟು ಗೊರಗೊರನೆ ಅರಚುತ್ತದೆ. ಕಂಪನಿಯವರು ಅದರತ್ತ ತಿರುಗಿಯೂ ನೋಡಲಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತ, ಬಿಲ್ಲಿಲ್ಲದಲ್ಲಿ ಪಾಲೆಲ್ಲಿ? ಅಲ್ಲಿ ಉಳಿದರೆ ಉಳಿಯುವುದು ಸರ್ಕಾರದ ಹಣ, ಗಿರಾಕಿಯಾಗಬೇಕಾದುದೂ ಸರ್ಕಾರವೇ. ಹಾಗೆ ಯಾರಾದರೂ ಹೊಸ ಪಂಪು ತಂದರೆ ಹಾಕಿಸಿಕೊಳ್ಳುವಿರಾ ಎಂದು ಮಾವನನ್ನು ಕೇಳಿದೆ.

“ಪಂಪು ಬರಲಿ” ಎಂದರು, “ಅದರ ಹಿಂದೆ ಮೀಟರು ಬರದಿದ್ದರೆ.”