ಅಬಲೂರಿನ ಕಲ್ಲೂ ಜರಿಗಿಡದ ಎಲೆಯೂ

ಸರ್ವಜ್ಞನ ಹುಟ್ಟೂರೆಂದು ಪ್ರತೀತಿ ಪಡೆದ ಅಬಲೂರು ಹಿರೇಕೆರೂರು ಸೀಮೆಯ ಒಂದು ಹಳ್ಳಿ. ಇಲ್ಲಿಗೆ ಬರುವ ಪ್ರವಾಸಿಗಳನ್ನು ಸೋಮೇಶ್ವರ ದೇವಾಲಯದಲ್ಲಿರುವ ಏಕಾಂತದ ರಾಮಯ್ಯನ ಶಾಸನ ಆಕರ್ಷಿಸುತ್ತದೆ. ಶಿರವನ್ನು ಅರಿದು ಶಿವನಿಗರ್ಪಿಸಿ ಮರಳಿ ಪಡೆದನೆಂಬ ಆ ಶರಣನ ಕಥೆಯನ್ನು ಸುಮಾರು 1200ರಲ್ಲಿ ಕಲ್ಲಿನಲ್ಲಿ ಕೊರೆದರು. ಫ್ಲೀಟ್ ಸಾಹೇಬರು ಅದನ್ನು ಓದಿ ಪ್ರಕಟಿಸಿದರು.

ಅಕ್ಷರವಿಲ್ಲದ ಕಲ್ಲನ್ನು ಓದುವುದು ಇನ್ನೂ ಕಷ್ಟ. ಈ ಸೀಮೆಯಿಂದ ಸಂಡೂರಿನವರೆಗೆ ಅಲ್ಲಲ್ಲಿ ಹಬ್ಬಿರುವ ಧಾರವಾಡ ಶಿಲೆಗಳನ್ನು, ಅದರಲ್ಲೂ ಮ್ಯಾಂಗನೀಸ್ ಇರುವೆಡೆಯ ಬಂಡೆಯನ್ನು ಒಡೆದರೆ, ಬಿರುಕಿನ ಮೈಮೇಲೆ ಕಪ್ಪಾದ ಜರಿಗಿಡದ ಗರಿಯೊಂದು ಕಂಡೀತು. ಪಳೆಯುಳಿಕೆ ಸಿಕ್ಕಿತೆಂದು ಹಿಗ್ಗುವವರು ಕಲ್ಲಿನ ವಯಸ್ಸನ್ನು ಮೊದಲು ಕೇಳಬೇಕು. ಈ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಮಿಕ್ಕಿದ ಪ್ರಾಯ. ನೆಲದ ಮೇಲೆ ಗಿಡವೆಂಬುದು ತಲೆಯೆತ್ತಿ ಇನ್ನೂ 50 ಕೋಟಿ ವರ್ಷವಾಗಿಲ್ಲ. ಹುಟ್ಟದ ಮಗುವಿನ ಹೆಜ್ಜೆಗುರುತು ಸಿಕ್ಕಿತೆಂದರೆ ಯಾರು ನಂಬುವರು?

ಹಾಗಾದರೆ ಆ ಗರಿ ಏನು? ಬಿರುಕಿನೊಳಗೆ ಇಳಿದ ನೀರು ತಂದಿಟ್ಟ ಮ್ಯಾಂಗನೀಸ್ ಕರೆ. ಮಸೂರ ಹಿಡಿದು ನೋಡಿದರೆ ಮೋಸ ಬಯಲಾಗುತ್ತದೆ. ಕವಲುಗಳು ಬಿರುಕಿನ ಅಂಚಿನಿಂದ ಮನಬಂದಂತೆ ಹರಡಿವೆ; ಅವಕ್ಕೆ ನಡುನರವಿಲ್ಲ, ಎಲೆಯಂಚಿಲ್ಲ. ನಿಜವಾದ ಎಲೆಯಲ್ಲಿಯಾದರೋ ದಂಟಿನ ಎರಡೂ ಕಡೆ ಕಿರುಎಲೆಗಳು ಸಾಲುಗಟ್ಟಿ ನಿಲ್ಲುತ್ತವೆ, ಒಂದೊಂದರಲ್ಲೂ ನರಗಳು ಕಾಣುತ್ತವೆ.

ಅಂಥ ಎಲೆಗಳ ವೈಭವಯುಗ ಕಾರ್ಬಾನಿಫೆರಸ್, ಅಂದರೆ ಸುಮಾರು 36ರಿಂದ 30 ಕೋಟಿ ವರ್ಷಗಳ ಹಿಂದಿನ ಕಾಲ. ಯೂರೋಪಿನ ಕಲ್ಲಿದ್ದಲ ಗಣಿಗಳಲ್ಲಿ ಅವು ಹೇರಳ. ಕಿರುಎಲೆಯು ತನ್ನ ಬುಡದ ಅಗಲವೆಲ್ಲ ದಂಟಿಗೆ ಅಂಟಿ ಬಾಚಣಿಗೆಯ ಹಲ್ಲಿನಂತಿದ್ದರೆ ಪೆಕಾಪ್ಟೆರಿಸ್. ಬುಡ ಹೃದಯಾಕಾರವಾಗಿ ಒಂದೇ ಬಿಂದುವಿನಲ್ಲಿ ಅಂಟಿದ್ದರೆ ನ್ಯೂರಾಪ್ಟೆರಿಸ್. ಬುಡ ದಂಟಿನ ಉದ್ದಕ್ಕೂ ಕೆಳಗಿಳಿದಿದ್ದರೆ ಅಲೆತಾಪ್ಟೆರಿಸ್. ಎಲ್ಲವನ್ನೂ ಬಹುಕಾಲ ಜರಿಗಿಡವೆಂದೇ ಬಗೆದಿದ್ದರು. ಆದರೆ ಜರಿಯ ಎಲೆಯ ಬೆನ್ನಿಗಿರಬೇಕಾದ ಬೀಜಕಗಳ ಗುಚ್ಛ ಹಲವದರಲ್ಲಿ ಎಷ್ಟು ಹುಡುಕಿದರೂ ದೊರೆಯಲಿಲ್ಲ. 1903ರಲ್ಲಿ ಆಲಿವರ್ ಮತ್ತು ಸ್ಕಾಟ್ ಎಂಬ ಆಂಗ್ಲ ವಿದ್ವಾಂಸರು ಅಂಥದೊಂದು ಗಿಡಕ್ಕೆ ಬೀಜವೇ ಇದ್ದಿತೆಂದು ತೋರಿಸಿದರು. ಜರಿಯ ವೇಷದಲ್ಲಿದ್ದುದು ಬೇರೊಂದು ಕುಲ! ಬರಿಯ ಎಲೆಯನ್ನು ಕಂಡು ಗಿಡದ ಜಾತಿ ಹೇಳುವುದು ಅಷ್ಟು ಸುಲಭವಲ್ಲ.

ಆ ಕಾಲದಲ್ಲಿ ಭಾರತವು ದಕ್ಷಿಣ ಧ್ರುವದತ್ತ ಇದ್ದ ಗೊಂಡ್ವಾನಾ ಭೂಖಂಡದ ಒಂದು ಭಾಗ. ಹಿಮದ ಹೊದಿಕೆ ಅದರ ಮೇಲೆ ಹರಡಿತ್ತು. ಹಿಮ ಕರಗಿದ ಮೇಲೆ, ಪರ್ಮಿಯನ್ ಯುಗದಲ್ಲಿ, ಇಲ್ಲಿ ಬೆಳೆದುದು ಗ್ಲಾಸಾಪ್ಟೆರಿಸ್. 1828ರಲ್ಲಿ ಬ್ರಾನ್ಯಾರ್ ಇಟ್ಟ ಆ ಹೆಸರಿಗೆ ನಾಲಗೆಯಂಥ ಜರಿ ಎಂದರ್ಥ. ಅದೂ ಜರಿಯಲ್ಲ, ಬೀಜದ ಗಿಡ. ನಡುನರದ ಎರಡೂ ಕಡೆ ಬಲೆಯಂತೆ ಹೆಣೆದ ನರಗಳೇ ಅದರ ಗುರುತು. ಅದನ್ನು ಕಾಣಬಯಸುವವರು ಅಬಲೂರಿನಿಂದ ಈಶಾನ್ಯಕ್ಕೆ, ಗೋದಾವರಿ ಕಣಿವೆಯ ಕಲ್ಲಿದ್ದಲ ಸೀಮೆಗೆ ಹೋಗಬೇಕು.