ಔಷಧದಂಗಡಿಯ ವಿಜ್ಞಾನಿಯ ಊರು

ಹೆಸರು ಶೋಪಿಂಗ್. ಇಂಗ್ಲಿಷಿನ 'ಶಾಪಿಂಗ್' ಎಂದುಕೊಳ್ಳಬೇಡಿ. ಆದರೆ ಅರ್ಥ ತೀರ ದೂರವೇನಲ್ಲ. ಸ್ವೀಡಿಷ್ ಭಾಷೆಯಲ್ಲಿ ಹಾಗೆಂದರೆ ಪೇಟೆ. ಸ್ಟಾಕ್‌ಹೋಮಿನಿಂದ ಪಶ್ಚಿಮಕ್ಕೆ ಸುಮಾರು 150 ಕಿ.ಮೀ. ದೂರದಲ್ಲಿ, ಮೇಲರೆನ್ ಸರೋವರದ ತುದಿಯಲ್ಲಿರುವ ಈ ಸಣ್ಣ ಊರನ್ನು ರಸಾಯನ ವಿಜ್ಞಾನದ ಭೂಪಟಕ್ಕೆ ಸೇರಿಸಿದವನು ಒಬ್ಬ ಔಷಧ ವ್ಯಾಪಾರಿ, ಕಾರ್ಲ್ ವಿಲ್ಹೆಲ್ಮ್ ಶೀಲೆ.

ಶೀಲೆ ಹುಟ್ಟಿದ್ದು 1742ರಲ್ಲಿ, ಆಗ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ, ಈಗ ಜರ್ಮನಿಯಲ್ಲಿರುವ ಸ್ಟ್ರಾಲ್‌ಸುಂಡ್‌ನಲ್ಲಿ. ಮನೆ ತುಂಬ ಮಕ್ಕಳು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಯೋಗ ಅವನಿಗಿರಲಿಲ್ಲ. ಹದಿನಾಲ್ಕರ ಹರೆಯದಲ್ಲೇ ಗೋಥೆನ್‌ಬರ್ಗಿನ ಔಷಧದಂಗಡಿಗೆ ಕೆಲಸ ಕಲಿಯಲು ಸೇರಿದ. ಹಗಲು ಮದ್ದು ಅರೆಯುವುದು, ರಾತ್ರಿ ಅಂಗಡಿಯ ಪುಸ್ತಕಗಳನ್ನು ಓದಿ ಪ್ರಯೋಗ ಮಾಡುವುದು. ಮುಂದೆ ಮಾಲ್ಮೊ, ಸ್ಟಾಕ್‌ಹೋಮ್, ಉಪ್ಸಾಲಾಗಳ ಅಂಗಡಿಗಳಲ್ಲೂ ಇದೇ ದಿನಚರಿ.

ಉಪ್ಸಾಲಾದಲ್ಲಿದ್ದಾಗ, 1772ರ ವೇಳೆಗೆ, ಮೇಣದ ಬತ್ತಿಯನ್ನು ಪ್ರಖರವಾಗಿ ಉರಿಸುವ ಅನಿಲವೊಂದು ಅವನಿಗೆ ಸಿಕ್ಕಿತು. ಅದನ್ನು 'ಬೆಂಕಿಗಾಳಿ' ಎಂದು ಕರೆದ. ಅದೇ ನಮ್ಮ ಆಮ್ಲಜನಕ. ಆದರೆ ಆ ವಿಷಯದ ಅವನ ಪುಸ್ತಕ ಅಚ್ಚಾಗಿ ಹೊರಬಂದದ್ದು 1777ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ 1774ರಲ್ಲಿ ಅದೇ ಅನಿಲವನ್ನು ತಯಾರಿಸಿ, ಮರುವರ್ಷವೇ ಪ್ರಕಟಿಸಿಬಿಟ್ಟಿದ್ದ. ಮೊದಲು ಕಂಡವನು ಶೀಲೆ. ಮೊದಲು ಹೇಳಿದವನು ಪ್ರೀಸ್ಟ್ಲಿ. ಪಠ್ಯಪುಸ್ತಕಗಳಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಬರುವುದು ಇದರಿಂದಲೇ.

1775ರಲ್ಲಿ ರಾಜಮನ್ನಣೆಯ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಅದೇ ವರ್ಷ ಅವನು ಶೋಪಿಂಗ್‌ಗೆ ಬಂದು, ತೀರಿಕೊಂಡ ವ್ಯಾಪಾರಿಯೊಬ್ಬನ ವಿಧವೆಯಿಂದ ಅಂಗಡಿಯ ಹೊಣೆ ವಹಿಸಿಕೊಂಡ. ಅಂಗಡಿಯ ಮೇಲೆ ಸಾಲವಿತ್ತು. ದೊಡ್ಡ ಊರುಗಳಿಂದ ಕರೆ ಬಂದರೂ ಅವನು ಕದಲಲಿಲ್ಲ. ದುಡಿದು ಸಾಲ ತೀರಿಸಿದ. ನಡುನಡುವೆ ಪ್ರಯೋಗ! ಹುಳಿತ ಹಾಲಿನಿಂದ ಲ್ಯಾಕ್ಟಿಕ್ ಆಮ್ಲ (1780), ಎಣ್ಣೆಯಿಂದ ಗ್ಲಿಸರಿನ್ (1783), ನಿಂಬೆಯಿಂದ ಸಿಟ್ರಿಕ್ ಆಮ್ಲ (1784), ಸೇಬಿನಿಂದ ಮ್ಯಾಲಿಕ್ ಆಮ್ಲ (1785). ಎಲ್ಲವೂ ಅಡುಗೆಮನೆಯ ಸಾಮಾನುಗಳಿಂದಲೇ!

ಅವನದೊಂದು ಅಪಾಯಕರ ಅಭ್ಯಾಸವೂ ಇತ್ತು. ತಯಾರಿಸಿದ ವಸ್ತುಗಳನ್ನು ಮೂಸುತ್ತಿದ್ದ, ರುಚಿಯನ್ನೂ ನೋಡುತ್ತಿದ್ದ. ಘೋರ ವಿಷವಾದ ಪ್ರಸಿಕ್ ಆಮ್ಲದ ವಾಸನೆ, ರುಚಿ ಎರಡನ್ನೂ ಬರೆದಿಟ್ಟಿದ್ದಾನೆ. ವಿಷಗಳ ಈ ಸಹವಾಸವೇ ಆಯುಷ್ಯವನ್ನು ಕಡಿಮೆ ಮಾಡಿರಬೇಕೆಂದು ಅನೇಕರ ಊಹೆ. 1786ರ ಮೇ 21ರಂದು, 43ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಅದಕ್ಕೆ ಎರಡು ಮೂರು ದಿನ ಮುಂಚೆ ಹಾಸಿಗೆಯಲ್ಲಿದ್ದಾಗಲೇ ಆ ವಿಧವೆಯನ್ನು ಮದುವೆಯಾದ. ಅಂಗಡಿ ಅವಳ ಕೈ ತಪ್ಪಬಾರದೆಂದು.

1889ರ ಬೆಂಕಿಯಲ್ಲಿ ಶೋಪಿಂಗ್‌ನ ಬಹುಭಾಗ ಸುಟ್ಟುಹೋಯಿತು. ಶೀಲೆಯ ಅಂಗಡಿಯೂ ಉಳಿಯಲಿಲ್ಲ. ಈಗ ಊರಿನಲ್ಲಿ ಅವನ ಪ್ರತಿಮೆಯಿದೆ. ಆದರೆ ಅವನ ಗುರುತು ಕಾಣಲು ಸ್ವೀಡನ್ನಿಗೇ ಹೋಗಬೇಕೆಂದಿಲ್ಲ. ನಲ್ಲಿ ನೀರಿನಲ್ಲಿ ಒಮ್ಮೊಮ್ಮೆ ಮೂಗಿಗೆ ಬಡಿಯುವ ಕ್ಲೋರಿನ್ನನ್ನು 1774ರಲ್ಲಿ ಮೊದಲು ತಯಾರಿಸಿದವನೂ ಈ ಶೀಲೆಯೇ.