ಚಿಕ್ಕಪ್ಪನ ದನಿ

ಚಿಕ್ಕಪ್ಪನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಮೊನ್ನೆ ಎಟಿಎಂ ಕಾರ್ಡ್ ಬ್ಲಾಕ್ ಆದಾಗ ಕಸ್ಟಮರ್ ಕೇರ್‌ಗೆ ನಾನೇ ಫೋನ್ ಮಾಡಿದೆ. "ಅಕೌಂಟ್ ಯಾರದೋ ಅವರೇ ಮಾತಾಡ್ಬೇಕು ಸಾರ್" ಅಂದಳು ಹುಡುಗಿ. ಅವರಿಗೆ ಕಿವಿ ಕೇಳ್ಸಲ್ಲಮ್ಮ ಅಂದ್ರೂ ಅದೇ ರಾಗ. ಕಟ್ ಮಾಡಿ, ಮತ್ತೆ ಫೋನ್ ಮಾಡಿ, ನಾನೇ ಚಿಕ್ಕಪ್ಪನಾದೆ. ಸುಳ್ಳು, ಗೊತ್ತು. ಅವರ ಹುಟ್ಟಿದ ತಾರೀಕು ಹೇಳುವಾಗ ಎದುರಿಗೇ ಕೂತು ನನ್ನ ತುಟಿ ನೋಡುತ್ತಿದ್ದರು.

ಅಮೆರಿಕದಲ್ಲಿ 711 ಒತ್ತಿದರೆ ನಡುವೆ ಒಬ್ಬ ಆಪರೇಟರ್ ಬರ್ತಾರೆ. ಇವರು ಟೈಪ್ ಮಾಡಿದ್ದನ್ನು ಆಚೆಯವರಿಗೆ ಓದಿ ಹೇಳ್ತಾರೆ, ಅವರಂದದ್ದನ್ನು ಇವರಿಗೆ ಟೈಪ್ ಮಾಡ್ತಾರೆ. ಈ ಸೇವೆಗೆ ದುಡ್ಡಿಲ್ಲ. 1990ರ ಕಾನೂನೇ ಫೋನ್ ಕಂಪನಿಗಳ ಮೇಲೆ ಹೊರಿಸಿದ ಹೊಣೆ. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅಂಥದ್ದೇ ಒಂದು ನಂಬರ್ ಇಲ್ಲೂ ಬೇಕು, ಕನ್ನಡ ಟೈಪ್ ಮಾಡುವವರೂ ಇರಬೇಕು.

ಕಾರ್ಡ್ ಚಾಲೂ ಆಯ್ತು. ಚಿಕ್ಕಪ್ಪ ಕೈಸನ್ನೆಯಲ್ಲಿ ಕೇಳಿದರು: "ನಾನು ಏನೇನು ಮಾತಾಡಿದೆ?"